ಸಂಪಾದಕರ ಉತ್ತರ: ಈ ಸಂಘಟಕರಿಗೆ ಕೆಲಸವಾದರೂ ಏನು?

ಪ್ರಿಯ ಓದುಗರೇ,

ಕಳೆದ ಸಂಚಿಕೆಯಲ್ಲಿ ನಾವು ಹಾಕಿದ್ದ ಸಮುದಾಯ ಸಂಘಟಕರ (ಅಂದರೆ ಬಡಾವಣೆಯ ಜನರನ್ನು ಒಗ್ಗೂಡಿಸಿ ತಮ್ಮ ಸಮಸ್ಯೆಗೆ ತಾವೇ ದನಿ ಎತ್ತುವಂತೆ ಮಾಡುವವರ) ಕುರಿತ ಲೇಖನ ನಿಮಗೆ ಹಿಡಿಸಿಲ್ಲ. ‘ಇವರು ಚುನಾವಣೆಯಲ್ಲಿ ಗೆದ್ದವರಲ್ಲ, ಸರ್ಕಾರಿ ನೌಕರರೂ ಅಲ್ಲ. ಜನ ಸೇರಿಸಿ ಗಲಾಟೆ ಮಾಡೋದು ಬಿಟ್ಟರೆ ಇವರ ಜವಾಬ್ದಾರಿ ಏನು? ಇವರಿಗೆ ಸಂಬಳ ಕೊಡೋರು ಯಾರು?’ ಅಂತ ಕೇಳಿದ್ದೀರಿ. ಖಾರವಾಗಿಯೇ ಕೇಳಿದ್ದೀರಿ. ಒಳ್ಳೆಯದೇ ಆಯಿತು.

ಈ ಮಾತು ನಿಮ್ಮೊಬ್ಬರದೇ ಅಲ್ಲ. 2008ರಲ್ಲಿ ಅಮೆರಿಕದ ಉಪಾಧ್ಯಕ್ಷ ಸ್ಥಾನಕ್ಕೆ ನಿಂತಿದ್ದ ಸಾರಾ ಪೇಲಿನ್, ಪಕ್ಷದ ಸಮಾವೇಶದಲ್ಲಿ ಹೆಚ್ಚುಕಡಿಮೆ ಇದನ್ನೇ ಹೇಳಿ ಚಪ್ಪಾಳೆ ಗಿಟ್ಟಿಸಿದ್ದರು. ಮೇಯರ್‌ಗಾದರೆ ನಿಜವಾದ ಜವಾಬ್ದಾರಿ ಇರುತ್ತದೆ, ಸಂಘಟಕನಿಗೆ ಏನಿದೆ ಎಂಬ ಧಾಟಿಯಲ್ಲಿ. ಕುಟುಕಿದ್ದು ಬರಾಕ್ ಒಬಾಮಾರನ್ನು. ಅವರು 1985ರಿಂದ ಸುಮಾರು ಮೂರು ವರ್ಷ ಷಿಕಾಗೋದಲ್ಲಿ ಇದೇ ಕೆಲಸ ಮಾಡಿದವರು.

ಗಲಾಟೆ ಎಲ್ಲರಿಗೂ ಕಾಣುತ್ತದೆ. ಅದರ ಹಿಂದಿನ ದುಡಿಮೆ ಕಾಣುವುದಿಲ್ಲ, ತೊಂದರೆ ಇರುವುದು ಅಲ್ಲೇ. 1955ರ ಡಿಸೆಂಬರ್ 1ರಂದು ಅಮೆರಿಕದ ಮಾಂಟ್ಗೊಮರಿಯ ಬಸ್ಸಿನಲ್ಲಿ ರೋಸಾ ಪಾರ್ಕ್ಸ್ ಎಂಬ ಕಪ್ಪು ಮಹಿಳೆ ಬಿಳಿಯರಿಗೆ ಸೀಟು ಬಿಟ್ಟುಕೊಡಲಿಲ್ಲ, ಬಂಧನವಾಯಿತು. ಇದು ಎಲ್ಲರಿಗೂ ಗೊತ್ತು. ಅದೇ ರಾತ್ರಿ ಜೋ ಆನ್ ರಾಬಿನ್ಸನ್ ಎಂಬ ಕಾಲೇಜು ಅಧ್ಯಾಪಕಿ ಏನು ಮಾಡಿದರು ಅನ್ನೋದು ಜಾಸ್ತಿ ಜನರಿಗೆ ಗೊತ್ತಿಲ್ಲ. ಒಬ್ಬ ಸಹೋದ್ಯೋಗಿ, ಇಬ್ಬರು ವಿದ್ಯಾರ್ಥಿಗಳನ್ನು ಕರೆದುಕೊಂಡು ಕಾಲೇಜಿನ ಸೈಕ್ಲೋಸ್ಟೈಲ್ ಯಂತ್ರದ ಮುಂದೆ ನಿಂತರು. ಸೋಮವಾರ ಬಸ್ ಹತ್ತಬೇಡಿ ಎಂಬ ಕರಪತ್ರ, ಕಾಗದ ಉಳಿಯಲಿ ಅಂತ ಒಂದು ಹಾಳೆಗೆ ಮೂರು. ಬೆಳಗಾಗುವಷ್ಟರಲ್ಲಿ ಹತ್ತಾರು ಸಾವಿರ ಪ್ರತಿ ಕತ್ತರಿಸಿ ಕಟ್ಟು ಕಟ್ಟಿದ್ದರು. ಅವರ ಮಹಿಳಾ ಸಂಘಟನೆ ಬಸ್ ಬಹಿಷ್ಕಾರದ ಎಚ್ಚರಿಕೆ ಕೊಟ್ಟು ಮೇಯರ್‌ಗೆ 1954ರ ಮೇನಲ್ಲೇ ಪತ್ರ ಬರೆದಿತ್ತು. ಕರಪತ್ರ ಯಾರು ಎಲ್ಲಿ ಹಂಚಬೇಕು ಅನ್ನೋದೂ ಮೊದಲೇ ಯೋಚಿಸಿದ್ದೇ. ಹಾಗಾಗಿ ಸೋಮವಾರ ಬಸ್ಸುಗಳು ಬಹುತೇಕ ಖಾಲಿ ಓಡಿದವು. ಬಹಿಷ್ಕಾರ 381 ದಿನ ನಡೆಯಿತು. ಅಷ್ಟು ದಿನ ಕೆಲಸಕ್ಕೆ ಹೋಗೋರನ್ನು ಕರೆದೊಯ್ಯಲು ಕಾರು ಹೊಂದಿಸಬೇಕು, ಎಲ್ಲಿ ಹತ್ತಿಸಬೇಕು ಅಂತ ಗೊತ್ತು ಮಾಡಬೇಕು, ಪೆಟ್ರೋಲಿಗೆ ದುಡ್ಡು ಕೂಡಿಸಬೇಕು. ಸುಮ್ನೆ ಭಾಷಣದಿಂದ ಆಗೋ ಕೆಲಸವಲ್ಲ ಅದು, ಅಲ್ವಾ?

‘ಚುನಾಯಿತ ಸದಸ್ಯರು ಇರುವಾಗ ಇವರು ಯಾಕೆ’ ಅನ್ನೋದಕ್ಕೆ ಟೆಕ್ಸಾಸಿನ ಸ್ಯಾನ್ ಆಂಟೋನಿಯೊ ನೋಡಿ. ಅಲ್ಲಿನ ಬಡ ಮೆಕ್ಸಿಕನ್-ಅಮೆರಿಕನ್ ಬಡಾವಣೆಗಳಿಗೆ ಮಳೆ ಬಂದರೆ ನೀರು ನುಗ್ಗುತ್ತಿತ್ತು. ಅರ್ನೆಸ್ಟೊ ಕೋರ್ಟೆಸ್ ಎಂಬ ಸಂಘಟಕ ಮನೆಮನೆಗೆ ಹೋಗಿ ಜನರ ಮಾತು ಕೇಳಿದರು. 1974ರಲ್ಲಿ ಅಲ್ಲಿನ ಚರ್ಚುಗಳೇ ಸದಸ್ಯರಾದ ‘ಕಾಪ್ಸ್’ ಎಂಬ ಸಂಘಟನೆ ಹುಟ್ಟಿತು. ನಿವಾಸಿಗಳೇ ನಗರಾಡಳಿತದ ಹಳೇ ಕಡತ ತೆಗೆಸಿ ಓದಿದರು. ನೋಡಿದರೆ ಒಂದು ಚರಂಡಿ ಯೋಜನೆ 1945ರಿಂದಲೂ ಕಾಗದದ ಮೇಲೆ ಇತ್ತು! ಅಷ್ಟು ವರ್ಷದಲ್ಲಿ ಎಷ್ಟೋ ಚುನಾವಣೆ ಆಗಿಹೋಗಿದ್ದವು. ಆದರೆ ಇಡೀ ಊರೇ ಒಂದು ಕ್ಷೇತ್ರ, ಆ ಬಡಾವಣೆಯವರಿಗೆ ತಮ್ಮವರು ಅನ್ನೋ ಸದಸ್ಯರಿರಲಿಲ್ಲ. ಜನ ಪಟ್ಟು ಹಿಡಿದ ಮೇಲೆ ಅದೇ ವರ್ಷ ಚರಂಡಿಗೆ ದುಡ್ಡು ಸಿಕ್ಕಿತು. 1977ರಲ್ಲಿ ವಾರ್ಡುವಾರು ಚುನಾವಣೆಯೂ ಬಂತು. ಅಂದರೆ ಸಂಘಟಕರು ಸದಸ್ಯರ ಜಾಗ ಕಸಿಯಲಿಲ್ಲ. ಜನರಿಗೆ ಸದಸ್ಯರು ಸಿಗಲು ನೆರವಾದರು.

ಇಲ್ಲಿ ಮೈಕ್ ಹಿಡಿದವರು ಕೋರ್ಟೆಸ್ ಅಲ್ಲ, ಬಡಾವಣೆಯವರೇ. ಕೋರ್ಟೆಸ್ ಕೆಲವೇ ವರ್ಷಗಳಲ್ಲಿ ಲಾಸ್ ಏಂಜಲೀಸ್‌ಗೆ ಹೋದರು. ಸಂಘಟನೆ ಮುರಿಯಲಿಲ್ಲ. ನನ್ನ ಮಟ್ಟಿಗೆ ಸಂಘಟಕರ ಜವಾಬ್ದಾರಿ ಅಳೆಯಬೇಕಾದ್ದು ಇದರಲ್ಲೇ. ಎಲ್ಲ ಅರ್ಜಿಗೂ ತಾನೇ ಸಹಿ ಹಾಕಿ, ಎಲ್ಲ ಫೋಟೋದಲ್ಲೂ ತಾನೇ ನಡುವೆ ನಿಂತು, ತಾನಿಲ್ಲದಿದ್ದರೆ ಏನೂ ನಡೆಯದ ಹಾಗೆ ಮಾಡಿಟ್ಟವರೂ ಇದ್ದಾರೆ. ನಿಮ್ಮ ಸಿಟ್ಟು ಅಂಥವರ ಮೇಲಾದರೆ ನನ್ನ ತಕರಾರಿಲ್ಲ.

ಇನ್ನು ಸಂಬಳದ ಮಾತು. ಕಾಪ್ಸ್ ಮಾದರಿಯಲ್ಲಿ ಸದಸ್ಯ ಚರ್ಚುಗಳು ವಂತಿಗೆ ಹಾಕಿ ಸಂಘಟಕರನ್ನು ಇಟ್ಟುಕೊಳ್ಳುತ್ತವೆ. ಮುಂದಾಳುಗಳಿಗೆ ಸಂಬಳವಿಲ್ಲ, ಅವರು ಊರವರೇ. ವಂತಿಗೆ ಕೊಡೋರಿಗೆ ಲೆಕ್ಕ ಕೇಳುವ ಹಕ್ಕೂ ಇರುತ್ತದೆ. ಪೂರ್ತಿ ಹೊರಗಿನ ದುಡ್ಡಿನಲ್ಲಿ ನಡೆಯುವ ಸಂಘಟನೆ ಕಂಡರೆ ನನಗೂ ಸ್ವಲ್ಪ ಅನುಮಾನವೇ. ಅಷ್ಟರ ಮಟ್ಟಿಗೆ ನಾವಿಬ್ಬರೂ ಒಂದೇ ಕಡೆ.

– ಸಂಪಾದಕ