ಡೂಡೂ ರೋಸ್ ಮನೆಯ ಲಯ

ಪ್ರಶ್ನೆ: ಮೇಷ್ಟ್ರೇ, ಪಶ್ಚಿಮ ಆಫ್ರಿಕಾದ ಸೆನೆಗಲ್ ದೇಶದ ಡ್ರಮ್ ವಾದಕ ಡೂಡೂ ಎನ್‌ಡಿಯಾಯ್ ರೋಸ್ ಅವರ ವಿಡಿಯೊ ನೋಡಿದೆ. ಅಷ್ಟೊಂದು ಜನ ಒಬ್ಬೊಬ್ಬರು ಒಂದೊಂದು ಬಾರಿಸುತ್ತಾರೆ. ಆದರೂ ಲಯ ತಪ್ಪುವುದಿಲ್ಲ. ಅದು ಹೇಗೆ? ನಾನು ಮೃದಂಗ ಕಲಿಯುತ್ತಿದ್ದೇನೆ.
– ಓದುಗರೊಬ್ಬರು, ಹಾಸನ

ಉತ್ತರ: ಮೃದಂಗದ ಹುಡುಗರಿಗೆ ಬರಬೇಕಾದ ಅನುಮಾನವೇ ಬಿಡಿ. ಅವರ ವಾದ್ಯದ ಹೆಸರು ಸಬಾರ್, ಒಂದು ಬಗೆಯ ಚರ್ಮವಾದ್ಯ. ಒಂದು ಕೈಯಲ್ಲಿ ಕೋಲು, ಇನ್ನೊಂದು ಬರಿಗೈ, ಎರಡೂ ಬೀಳುವುದು ಒಂದೇ ಚರ್ಮದ ಮೇಲೆ. ನಮ್ಮ ತ, ದಿ, ತೊಂ, ನಂ ಇದ್ದ ಹಾಗೆ ಅಲ್ಲೂ ಗಿನ್, ಪಖ್, ಜಾ ಅಂತ ಪೆಟ್ಟುಗಳನ್ನು ಬಾಯಲ್ಲಿ ಹೇಳುವ ಸೊಲ್ಲುಗಳಿವೆ. ಬಾಯಲ್ಲಿ ಕೂತ ಮೇಲೆ ಕೈ ತಪ್ಪುವುದು ಕಷ್ಟ. ಹೆಚ್ಚಿನವರ ಪಾಲಿಗೆ ಬರುವುದು ಒಂದೇ ಒಂದು ಚಿಕ್ಕ ನಡೆ, ಅಂದರೆ ಮತ್ತೆ ಮತ್ತೆ ಬರುವ ಪೆಟ್ಟುಗಳ ಸಾಲು. ಅದನ್ನು ಅಲ್ಲಾಡಿಸದೆ ಹಿಡಿದಿರಬೇಕು, ಅಷ್ಟೆ. ಅದರ ಮೇಲೆ ಮುಖ್ಯ ವಾದಕರು ಆಡುತ್ತಾರೆ. ನಡುನಡುವೆ ಎಲ್ಲರೂ ಒಟ್ಟಿಗೆ ನುಡಿಸುವ ಉದ್ದನೆಯ ಕಟ್ಟು ಬರುತ್ತದೆ. ಅದಕ್ಕೆ ‘ಬಾಕ್’ ಎನ್ನುತ್ತಾರೆ. ಡೂಡೂ ಕೋಲೆತ್ತಿ, ಕುಣಿದು, ಒಮ್ಮೊಮ್ಮೆ ಜಿಗಿದು ಸನ್ನೆ ಕೊಡುತ್ತಿದ್ದರು. ನೂರು ಜನರನ್ನೂ ಹಾಗೇ ನಡೆಸುತ್ತಿದ್ದರು.

ಇನ್ನೊಂದು ಕಾರಣ, ತಂಡದಲ್ಲಿ ಇದ್ದವರು ಹೆಚ್ಚಾಗಿ ಅವರ ಮಕ್ಕಳು ಮೊಮ್ಮಕ್ಕಳೇ. ಹುಟ್ಟಿದಾಗಿನಿಂದ ಕಿವಿಗೆ ಬಿದ್ದದ್ದು ಅದೇ ಲಯ. ತಮಾಷೆಯೆಂದರೆ, 1930ರಲ್ಲಿ ಡಾಕರ್‌ನಲ್ಲಿ ಹುಟ್ಟಿದ ಡೂಡೂಗೆ ಈ ಭಾಗ್ಯ ಇರಲಿಲ್ಲ. ಮನೆತನ ವಾದ್ಯಗಾರರದ್ದೇ, ಆದರೆ ಲೆಕ್ಕಪತ್ರದ ಕೆಲಸದಲ್ಲಿದ್ದ ಅಪ್ಪನಿಗೆ ಮಗ ಬಾರಿಸುವುದು ಇಷ್ಟವಿರಲಿಲ್ಲ. ಹುಡುಗ ಪ್ಲಂಬರ್ ಕೆಲಸ ಮಾಡುತ್ತಲೇ ಮಾದಾ ಸೆಕ್ ಎಂಬ ಗುರುಗಳ ಬಳಿ ಕಲಿತರು. ಊರೂರು ಸುತ್ತಿ ಹಿರಿಯರಿಂದ ಲಯಗಳನ್ನು ಕೇಳಿ ತಂದರು. ಮುಂದೆ ದೇಶದ ರಾಷ್ಟ್ರೀಯ ಬ್ಯಾಲೆ ನೃತ್ಯ ತಂಡಕ್ಕೆ ಅವರೇ ಮುಖ್ಯ ವಾದಕರು.

ಅವರ ಬಗ್ಗೆ ಬರೆಯುವವರು, ಅವರು ಯಾರ ಜೊತೆ ನುಡಿಸಿದರು ಅಂತ ಜಾಜ್ ಕಲಾವಿದ ಮೈಲ್ಸ್ ಡೇವಿಸ್, ರಾಕ್ ತಂಡ ರೋಲಿಂಗ್ ಸ್ಟೋನ್ಸ್ ಹೆಸರನ್ನೇ ಮೊದಲು ಹೇಳುತ್ತಾರೆ. ಇರಲಿ. ನನಗೆ ಅದಕ್ಕಿಂತ ದೊಡ್ಡದು ‘ರೋಸೆಟ್ಸ್’ ತಂಡ. ಸಬಾರ್ ಗಂಡಸರ ವಾದ್ಯ ಅಂತ ನಂಬಿದ್ದ ಕಡೆ ಮನೆಯ ಹೆಣ್ಣುಮಕ್ಕಳ ಕೈಗೇ ಕೋಲು ಕೊಟ್ಟರು. ಮೃದಂಗ ಕಲಿಯಲು ಬರುವ ಹುಡುಗಿಯರನ್ನು ಇವತ್ತಿಗೂ ವೀಣೆ ಕಡೆಗೆ ಕಳಿಸುವ ಮೇಷ್ಟ್ರುಗಳು ಇದನ್ನು ನೋಡಬೇಕು.

2006ರಲ್ಲಿ ಅವರಿಗೆ ‘ಜೀವಂತ ಮಾನವ ನಿಧಿ’ ಎಂಬ ಗೌರವ ಸಿಕ್ಕಿತು. 2015ರಲ್ಲಿ ತೀರಿಕೊಂಡರು.

‘ಜಾಬೋಟೆ’ ಆಲ್ಬಮ್ ಹುಡುಕಿ ಕೇಳಿ. ಡಾಕರ್ ಹತ್ತಿರದ ಗೋರೆ ದ್ವೀಪದಲ್ಲಿ ಧ್ವನಿಮುದ್ರಣ ಆದದ್ದು. ಮೊದಲ ಸಲ ಸುಮ್ನೆ ಕೇಳಿ. ಎರಡನೇ ಸಲ ಯಾವುದಾದರೂ ಒಂದೇ ನಡೆ ಹಿಡಿದು, ತೊಡೆಯ ಮೇಲೆ ತಟ್ಟುತ್ತಾ ಕೊನೆತನಕ ಹೋಗಿ. ಆಮೇಲೆ ನನಗೆ ಬರೆಯಿರಿ.