ತೋಟ ಅಡವಿಡುವ ಮುನ್ನ

ಶಿರಸಿ ಸೀಮೆಯ ಓದುಗರೊಬ್ಬರ ಪತ್ರ ಬಂದಿದೆ. ಬಿ.ಎಸ್ಸಿ. ಕೊನೆಯ ವರ್ಷದಲ್ಲಿರುವ 21ರ ಮಗಳಿಗೆ ಹೆಲಿಕಾಪ್ಟರ್ ಪೈಲಟ್ ಆಗುವ ಹಂಬಲ. ವಿಚಾರಿಸಿದ ಕಡೆ ತರಬೇತಿಗೆ 70 ಲಕ್ಷ ರೂಪಾಯಿ ಹೇಳಿದ್ದಾರೆ. ಮೂರು ಎಕರೆ ಅಡಿಕೆ ತೋಟ ಅಡವಿಟ್ಟು ಸಾಲ ಮಾಡಬಹುದೇ, ‘ಹೆಣ್ಣುಮಗಳಿಗೆ ಇದೆಲ್ಲ ಯಾಕೆ’ ಎನ್ನುವ ನೆಂಟರಿಗೆ ಏನು ಹೇಳಲಿ ಎಂಬುದು ಅವರ ಪ್ರಶ್ನೆ.

ಮಾನ್ಯರೇ,

ನೆಂಟರ ಮಾತಿಗೆ ತಲೆ ಕೆಡಿಸಿಕೊಳ್ಳಬೇಡಿ. 1999ರ ಕಾರ್ಗಿಲ್ ಯುದ್ಧದಲ್ಲೇ ಗುಂಜನ್ ಸಕ್ಸೇನಾ, ಶ್ರೀವಿದ್ಯಾ ರಾಜನ್ ಚೀತಾ ಹೆಲಿಕಾಪ್ಟರ್ ಹಾರಿಸಿದ್ದಾರೆ.

ದುಡ್ಡಿನ ಪ್ರಶ್ನೆಗೆ ನೇರವಾಗಿ ಹೇಳುತ್ತೇನೆ: ಈಗ ತೋಟ ಅಡವಿಡಬೇಡಿ. ಹಾಗೆಂದು ಮಗಳಿಗೆ ‘ಬೇಡ’ ಎನ್ನಲೂ ಬೇಡಿ.

ವಾಣಿಜ್ಯ ಹೆಲಿಕಾಪ್ಟರ್ ಪರವಾನಗಿಗೆ ನಮ್ಮಲ್ಲಿ ಕನಿಷ್ಠ 150 ಗಂಟೆಗಳ ಹಾರಾಟ ಬೇಕು, ವಿಮಾನದ್ದಕ್ಕೆ 200. ಗಂಟೆ ಕಡಿಮೆಯಿದ್ದರೂ ಖರ್ಚು ಹೆಚ್ಚು, ಏಕೆಂದರೆ ಹೆಲಿಕಾಪ್ಟರಿನ ಎಷ್ಟೋ ಭಾಗಗಳಿಗೆ ಇಷ್ಟೇ ಆಯುಷ್ಯ ಎಂದು ನಿಗದಿಯಾಗಿರುತ್ತದೆ. ತರಬೇತಿಗೆ ಹೆಚ್ಚಾಗಿ ಬಳಸುವ ರಾಬಿನ್ಸನ್ ಆರ್22 ಹೆಲಿಕಾಪ್ಟರನ್ನು 2,200 ಗಂಟೆ ಅಥವಾ 12 ವರ್ಷ, ಯಾವುದು ಮೊದಲೋ ಆಗ, ಪೂರ್ತಿ ಬಿಚ್ಚಿ ಹೊಸದಾಗಿ ಕಟ್ಟಬೇಕು. ಆ ವೆಚ್ಚವೆಲ್ಲ ಕಲಿಯುವವರ ಗಂಟೆಯ ದರದಲ್ಲೇ ಸೇರಿರುತ್ತದೆ.

ನನಗೆ ದೊಡ್ಡ ಚಿಂತೆ ಪರವಾನಗಿ ಕೈಗೆ ಬಂದ ಮೇಲಿನದು. ವಿಮಾನ ಕಂಪನಿಗಳಲ್ಲಿ ಹೊಸಬರಿಗೂ ಸಹ-ಪೈಲಟ್ ಕೆಲಸ ಸಿಗುವುದುಂಟು. ಹೆಲಿಕಾಪ್ಟರ್ ಕಂಪನಿಗಳ ಬಾಗಿಲಲ್ಲಿ ಸೇನೆಯಿಂದ ನಿವೃತ್ತರಾದ, ಸಾವಿರಾರು ಗಂಟೆ ಹಾರಿದ ಪೈಲಟ್‌ಗಳು ನಿಂತಿರುತ್ತಾರೆ. ಅವರ ಪಕ್ಕದಲ್ಲಿ 150 ಗಂಟೆಯ ಹುಡುಗಿಯನ್ನು ಯಾರು ಕರೆದಾರು? ಕೇದಾರನಾಥಕ್ಕೆ ಯಾತ್ರಿಕರನ್ನು ಒಯ್ಯುವ ಹೆಲಿಕಾಪ್ಟರ್‌ಗಳನ್ನೇ ನೋಡಿ. ಸುಮಾರು 3,580 ಮೀಟರ್ ಎತ್ತರ, ತೆಳುವಾದ ಗಾಳಿ, ನಿಮಿಷಗಳಲ್ಲಿ ಕಣಿವೆ ಮುಚ್ಚುವ ಮೋಡ. 2025ರ ಜೂನ್ 15ರಂದು ಅಲ್ಲಿ ಬೆಲ್ 407 ಹೆಲಿಕಾಪ್ಟರ್ ಬಿದ್ದು ಏಳು ಮಂದಿ ತೀರಿಕೊಂಡರು. ಅದನ್ನು ಹಾರಿಸುತ್ತಿದ್ದವರೂ ನಿವೃತ್ತ ಸೇನಾಧಿಕಾರಿಯೇ. ಹೊಸಬರಿಗೆ ಅಂಥ ಕೆಲಸ ಕೊಡುವುದಿಲ್ಲ, ಕೊಡಲೂಬಾರದು. ಮುಂಬೈನ ಜುಹುವಿನಿಂದ ಸಮುದ್ರದ ತೈಲ ಬಾವಿಗಳಿಗೆ ಹೋಗುವ ಇಬ್ಬರು ಪೈಲಟ್‌ಗಳ ಹೆಲಿಕಾಪ್ಟರ್‌ಗಳಲ್ಲಿ ಸಹ-ಪೈಲಟ್ ಆಗುವ ದಾರಿ ಇದೆ, ಆದರೆ ಅದು ಕಿರಿದು.

‘ತುಮಕೂರಿನಲ್ಲೇ ಹೆಲಿಕಾಪ್ಟರ್ ಕಾರ್ಖಾನೆ ಆಗಿದೆಯಲ್ಲ’ ಎಂದೂ ಬರೆದಿದ್ದೀರಿ. ಹೌದು, ಗುಬ್ಬಿ ತಾಲ್ಲೂಕಿನಲ್ಲಿ ಎಚ್‌ಎಎಲ್ ಘಟಕ 2023ರ ಫೆಬ್ರುವರಿಯಲ್ಲಿ ಉದ್ಘಾಟನೆಯಾಯಿತು. ಅಲ್ಲಿನ ಹೆಲಿಕಾಪ್ಟರ್‌ಗಳು ಮುಖ್ಯವಾಗಿ ಸೇನೆಗೆ, ಹಾರಿಸುವವರೂ ಸೇನೆಯವರೇ.

70 ಲಕ್ಷವನ್ನು ಶೇ 11ರ ಬಡ್ಡಿಗೆ 10 ವರ್ಷಕ್ಕೆ ತೆಗೆದರೆ ತಿಂಗಳ ಕಂತು ಸುಮಾರು 96 ಸಾವಿರ. ಕೆಲಸ ಸಿಗುವುದು ಎರಡು ವರ್ಷ ತಡವಾದರೆ ಅದನ್ನು ಕಟ್ಟಬೇಕಾದದ್ದು ನಿಮ್ಮ ತೋಟ. ಕೊಳೆ ರೋಗ, ಎಲೆಚುಕ್ಕಿ ರೋಗ ಎರಡೂ ಬಂದ ವರ್ಷ ಮೂರು ಎಕರೆಯಲ್ಲಿ ಏನು ಉಳಿಯುತ್ತದೆಂದು ನಿಮಗೆ ನಾನು ಹೇಳಬೇಕಿಲ್ಲ.

ಹಾಗಾದರೆ ಏನು ಮಾಡುವುದು? ಮೊದಲು ವೈದ್ಯಕೀಯ ಪರೀಕ್ಷೆ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ ಮಾನ್ಯ ಮಾಡಿದ ವೈದ್ಯರಲ್ಲಿ ಎರಡನೆಯ ದರ್ಜೆಯದು, ಆಮೇಲೆ ಮೊದಲ ದರ್ಜೆಯದು. ಇದು ಬೆಂಗಳೂರಿನ ವಾಯುಪಡೆಯ ವೈಮಾನಿಕ ವೈದ್ಯ ಸಂಸ್ಥೆಯಲ್ಲೂ ನಡೆಯುತ್ತದೆ. ಬಣ್ಣ ಗುರುತಿಸುವಲ್ಲಿ ದೋಷವಿದ್ದರೆ ಲಕ್ಷಗಳು ಹೋಗುವ ಮೊದಲೇ ತಿಳಿಯಲಿ.

ಎರಡನೆಯದಾಗಿ, ಪಿಯುಸಿಯಲ್ಲಿ ಭೌತಶಾಸ್ತ್ರ, ಗಣಿತ ಓದಿದ್ದರೆ ವಾಯುಪಡೆಯ ಪ್ರವೇಶ ಪರೀಕ್ಷೆ ಎಎಫ್‌ಕ್ಯಾಟ್ ಬರೆಯಲಿ. ಹಾರಾಟ ವಿಭಾಗಕ್ಕೆ ವಯಸ್ಸು 20ರಿಂದ 24, ಪರೀಕ್ಷೆ ವರ್ಷಕ್ಕೆ ಎರಡು ಬಾರಿ. ಆಯ್ಕೆಯಾದರೆ ತರಬೇತಿಯ ಖರ್ಚು ಸರ್ಕಾರದ್ದು, ಸೇವೆ 14 ವರ್ಷ. ಹೆಲಿಕಾಪ್ಟರೇ ಸಿಗುತ್ತದೆಂಬ ಖಾತರಿಯಿಲ್ಲ, ಅದನ್ನು ತೀರ್ಮಾನಿಸುವುದು ವಾಯುಪಡೆ. ಸಿಕ್ಕರೆ, ಈಗ ಅವಳನ್ನು ದಾಟಿ ಮುಂದೆ ನಿಲ್ಲುವವರ ಸಾಲಿನಲ್ಲೇ ಅವಳೂ ಒಂದು ದಿನ ನಿಲ್ಲುತ್ತಾಳೆ.

ಅಷ್ಟರೊಳಗೆ ಬೋಧಕರ ಜೊತೆ ಒಂದು ಗಂಟೆಯಾದರೂ ಹಾರಿ ಬರಲಿ. ನೆಲದಿಂದ ನಾಲ್ಕಡಿ ಎತ್ತರದಲ್ಲಿ ಹೆಲಿಕಾಪ್ಟರನ್ನು ನಿಂತಲ್ಲೇ ನಿಲ್ಲಿಸುವುದು ಏನೆಂದು ಕೈಕಾಲಿಗೇ ತಿಳಿಯಬೇಕು. ಎಡಗೈಯಲ್ಲಿ ಹಿಡಿದ ಸನ್ನೆಕೋಲನ್ನು ತುಸು ಎತ್ತಿದರೆ ಮೂತಿ ಪಕ್ಕಕ್ಕೆ ತಿರುಗುತ್ತದೆ. ಅದನ್ನು ಕಾಲಿನ ಪೆಡಲಿನಿಂದ ತಡೆಯುವಷ್ಟರಲ್ಲಿ ಇಡೀ ಯಂತ್ರ ಜಾರತೊಡಗುತ್ತದೆ. ಬಲಗೈ ಹೆದರಿ ತನ್ನ ಹಿಡಿಕೆಯನ್ನು ಜಗ್ಗಿದರೆ ಎಲ್ಲ ಕೆಡುತ್ತದೆ. ಆ ಒದ್ದಾಟದಲ್ಲೂ ಅವಳ ಮುಖ ಅರಳಿದರೆ, ಆಸೆ ಗಟ್ಟಿಯಿದೆ ಎಂದುಕೊಳ್ಳಿ.

24 ದಾಟಿಯೂ ವಾಯುಪಡೆ ಆಗದಿದ್ದರೆ ಸಾಲದ ಮಾತು ಮತ್ತೆ ತೆಗೆಯಿರಿ. ಆಗಲೂ ತೋಟದ ಒಂದು ಎಕರೆಗಿಂತ ಹೆಚ್ಚು ಆಧಾರ ಕೊಡಬೇಡಿ. ಇಡೀ ಶುಲ್ಕವನ್ನು ಮುಂಗಡ ಕೇಳುವ ಸಂಸ್ಥೆಯಿಂದ ದೂರವಿರಿ. ಹಾರುವ ಸ್ಥಿತಿಯಲ್ಲಿ ಎಷ್ಟು ಹೆಲಿಕಾಪ್ಟರ್‌ಗಳಿವೆ, ಕಳೆದ ತಂಡದವರು ಈಗ ಎಲ್ಲಿ ಕೆಲಸದಲ್ಲಿದ್ದಾರೆ ಎಂದು ಕೇಳಿ, ಆ ಹಳೆಯ ವಿದ್ಯಾರ್ಥಿಗಳಲ್ಲಿ ಇಬ್ಬರ ಜೊತೆಯಾದರೂ ನಿಮ್ಮ ಮಗಳೇ ಮಾತಾಡಲಿ.

– ಸಂಪಾದಕ