ಒಂದೇ ವಿಳಾಸದಲ್ಲಿ @ ಕೂಡ, % ಕೂಡ

ಪ್ರಶ್ನೆ (ಧಾರವಾಡ): 1980ರ ದಶಕದ ಕೊನೆಯ ಒಂದು ಸಂಶೋಧನಾ ಪ್ರಬಂಧದ ಅಡಿಯಲ್ಲಿ ‘ಹೆಸರು%ಯಂತ್ರ.ಡೆಕ್@ಡೆಕ್‌ಡಬ್ಲ್ಯುಆರ್‌ಎಲ್.ಡೆಕ್.ಕಾಮ್’ ನಮೂನೆಯ ಇ-ಮೇಲ್ ವಿಳಾಸ ಅಚ್ಚಾಗಿದೆ. ನಡುವೆ ಶೇಕಡಾ ಚಿಹ್ನೆ ಯಾಕ್ರೀ? ಅಚ್ಚಿನ ತಪ್ಪೇನು?

ಉತ್ತರ: ತಪ್ಪಲ್ಲ. ಡಿಜಿಟಲ್ ಈಕ್ವಿಪ್‌ಮೆಂಟ್ (ಡೆಕ್) ಕಂಪನಿಗೆ ಈಸಿನೆಟ್ ಎಂಬ ಸ್ವಂತ ಜಾಲವಿತ್ತು. ಒಳಗಿನವರು ‘ಯಂತ್ರ::ಹೆಸರು’ ಎಂದು ಬರೆದರೆ ಟಪಾಲು ಮುಟ್ಟುತ್ತಿತ್ತು. ಇಂಟರ್ನೆಟ್‌ಗೆ ಆ ಬರಹವೂ ತಿಳಿಯದು, ಆ ಯಂತ್ರವೂ ಕಾಣದು. ಎರಡೂ ಕಡೆ ಸಂಪರ್ಕವಿದ್ದದ್ದು ಪಾಲೊ ಆಲ್ಟೊದ ಡೆಕ್‌ಡಬ್ಲ್ಯುಆರ್‌ಎಲ್ ಎಂಬ ಗೇಟ್‌ವೇಗೆ, ಅಂದರೆ ಎರಡು ಜಾಲಗಳ ನಡುವೆ ಟಪಾಲು ದಾಟಿಸುವ ಯಂತ್ರಕ್ಕೆ.

ಓದುವ ಕ್ರಮ ಹೀಗೆ. ಮೊದಲು @ ಬಲಗಡೆಯದನ್ನು ಮಾತ್ರ ನೋಡಿ: ಪತ್ರ ಹೋಗುವುದು ಗೇಟ್‌ವೇಗೆ. ಎಡಗಡೆ ಏನಿದೆ ಎಂಬುದು ದಾರಿಯ ಬೇರೆ ಯಂತ್ರಗಳಿಗೆ ಸಂಬಂಧವಿಲ್ಲದ ಮಾತು. ಗೇಟ್‌ವೇ ತನ್ನ ಹೆಸರನ್ನು ಕಿತ್ತುಹಾಕಿ, ಉಳಿದುದರಲ್ಲಿ ಎಲ್ಲಕ್ಕಿಂತ ಬಲಗಡೆಯ % ಅನ್ನು @ ಮಾಡಿಕೊಳ್ಳುತ್ತದೆ. ‘.ಡೆಕ್’ ಕಂಡಾಗ ಇದು ಈಸಿನೆಟ್‌ನದು ಎಂದು ತಿಳಿದು ‘ಯಂತ್ರ::ಹೆಸರು’ ಎಂಬ ಡೆಕ್‌ನೆಟ್ ರೂಪಕ್ಕೆ ತಿರುಗಿಸಿ ಒಳಗೆ ಕಳಿಸುತ್ತದೆ. ಒಳಗಿನಿಂದ ಹೊರಗೆ ಬರೆಯುವವರು ‘ಡೆಕ್‌ಡಬ್ಲ್ಯುಆರ್‌ಎಲ್::’ ಎಂದು ಹಾಕಿ, ಇಂಟರ್ನೆಟ್ ವಿಳಾಸವನ್ನು ಪೂರ್ತಿ ಉದ್ಧರಣ ಚಿಹ್ನೆಯೊಳಗೆ ಇಡಬೇಕಿತ್ತು.

% ಮಾನಕ ವಿಧಿಸಿದ ಪದ್ಧತಿಯಲ್ಲ, ರೂಢಿಯಿಂದ ನಿಂತದ್ದು. ಒಂದು ಡೊಮೇನ್‌ನ ಟಪಾಲು ಯಾವ ಯಂತ್ರಕ್ಕೆ ಹೋಗಬೇಕೆಂದು ಹೇಳುವ ಎಂಎಕ್ಸ್ ದಾಖಲೆಯ ಪದ್ಧತಿ 1986ರಲ್ಲಿ ಬಂದ ಮೇಲೆ ಕಂಪನಿಯ ಡೊಮೇನ್‌ಗೆ ಬರುವ ಟಪಾಲೆಲ್ಲ ತಾನಾಗಿ ಗೇಟ್‌ವೇಗೆ ಇಳಿಯುವಂತೆ ಮಾಡಲು ಬಂತು. ಇದೇ ವಿಳಾಸ ಮುಂದೆ ‘ಹೆಸರು@ಯಂತ್ರ.ಇನೆಟ್.ಡೆಕ್.ಕಾಮ್’ ಆಯಿತು.

ಕಂಪ್ಯುಸರ್ವ್ ಎಂಬ ಆಗಿನ ಆನ್‌ಲೈನ್ ಸೇವೆಯ ತೊಡಕು ಬೇರೆ. ಅಲ್ಲಿ ಬಳಕೆದಾರರ ಸಂಖ್ಯೆ 71234,567 ಎಂಬಂತೆ ಅಲ್ಪವಿರಾಮ ಹೊತ್ತಿರುತ್ತಿತ್ತು. ಇಂಟರ್ನೆಟ್ ಟಪಾಲಿನಲ್ಲಿ ಅಲ್ಪವಿರಾಮವೆಂದರೆ ಒಂದು ವಿಳಾಸ ಮುಗಿದು ಇನ್ನೊಂದು ಶುರು. ಹಾಗೇ ಬರೆದರೆ ಎರಡು ಮುರುಕು ವಿಳಾಸ. ಅದಕ್ಕೇ ಚುಕ್ಕೆ ಹಾಕಿ ‘71234.567@ಕಂಪ್ಯುಸರ್ವ್.ಕಾಮ್’ ಎಂದು ಬರೆಯಬೇಕಿತ್ತು.

ಪ್ರಶ್ನೆ (ಗದಗ): ಆಶ್ಚರ್ಯಸೂಚಕ ಚಿಹ್ನೆಯ ವಿಳಾಸಗಳೂ ಇದ್ದವಲ್ಲ, ಅವು ಇದೇ ಬಗೆಯವೇ?

ಉತ್ತರ: ಅವು ಯುಯುಸಿಪಿಯವು, ಯುನಿಕ್ಸ್ ಯಂತ್ರಗಳು ಫೋನ್ ಹಚ್ಚಿ ಒಂದಕ್ಕೊಂದು ಟಪಾಲು ದಾಟಿಸುತ್ತಿದ್ದ ಕಾಲದವು. ‘ಹುಬ್ಬಳ್ಳಿ!ಗದಗ!ಬಸು’ ಎಂದರೆ ಮೊದಲು ಹುಬ್ಬಳ್ಳಿ, ಅಲ್ಲಿಂದ ಗದಗ, ಅಲ್ಲಿ ಬಸು. ಇದನ್ನು ಎಡದಿಂದ ಓದಬೇಕು. ದಾರಿಯನ್ನೆಲ್ಲ ಕಳಿಸುವವರೇ ಬರೆಯಬೇಕು, ಒಂದು ಕೊಂಡಿ ಕಡಿದರೂ ಪತ್ರ ವಾಪಸು.

ಪೇಚು ! ಮತ್ತು @ ಎರಡೂ ಕೂಡಿದಾಗ. ‘ಗದಗ!ಬಸು@ಹುಬ್ಬಳ್ಳಿ’ಯನ್ನು ಇಂಟರ್ನೆಟ್ ಯಂತ್ರ ಮೊದಲು ಹುಬ್ಬಳ್ಳಿಗೆ ಒಯ್ಯುತ್ತದೆ; ಹಳೆಯ ಯುಯುಸಿಪಿ ಯಂತ್ರ ಮೊದಲು ಗದಗಕ್ಕೆ. ಒಂದೇ ಬರಹ, ಎರಡು ದಿಕ್ಕು. ಗೇಟ್‌ವೇಯಲ್ಲಿ ‘ಇಂದ’ ಸಾಲು ಹೀಗೆ ಕಲಬೆರಕೆಯಾದರೆ ರಿಪ್ಲೈ ಒತ್ತಿದ ಉತ್ತರ ಎಲ್ಲೋ ಹೋಗುತ್ತಿತ್ತು. ಜಾಣರು ಪತ್ರದ ಕೊನೆಗೆ ತಮ್ಮ ವಿಳಾಸವನ್ನು ಎರಡು ಮೂರು ರೂಪದಲ್ಲಿ ಬರೆದಿಡುತ್ತಿದ್ದದ್ದು ಇದಕ್ಕೇ.

ಪ್ರಶ್ನೆ (ಹಾವೇರಿ): ನಮ್ಮ ಕಚೇರಿಯ ಪೋಸ್ಟ್‌ಫಿಕ್ಸ್ ಮೇಲ್ ಸರ್ವರ್ ಲಾಗ್‌ನಲ್ಲಿ % ಇರುವ ವಿಳಾಸಗಳು ಬಂದು ‘ರಿಲೇ ಆಕ್ಸೆಸ್ ಡಿನೈಡ್’ ಎಂದು ಬೀಳುತ್ತಿವೆ. ಸರಿಪಡಿಸಬೇಕೆ?

ಉತ್ತರ: ಬೇಡ, ಅದು ಸರಿಯಾಗಿಯೇ ಇದೆ. ‘ಯಾರೋ%ಹೊರಗಿನಡೊಮೇನ್@ನಿಮ್ಮಡೊಮೇನ್’ ಎಂದು ಕೊಟ್ಟು ನಿಮ್ಮ ಸರ್ವರ್‌ನಿಂದ ಸ್ಪ್ಯಾಮ್ ದಾಟಿಸಲು ಯಾರೋ ನೋಡುತ್ತಿದ್ದಾರೆ. ಹಳೆಯ ಗೇಟ್‌ವೇ ಮಾಡುತ್ತಿದ್ದ ಉಪಕಾರ ಇವತ್ತು ಕಳ್ಳದಾರಿ. ಪೋಸ್ಟ್‌ಕಾನ್ಫ್ ಆಜ್ಞೆ ಕೊಟ್ಟು ‘ಅಲೌ_ಅನ್‌ಟ್ರಸ್ಟೆಡ್_ರೂಟಿಂಗ್’ ಎಂಬ ಸೆಟ್ಟಿಂಗ್ ನೋಡಿ. ಮೊದಲಿನಿಂದ ಇರುವ ‘ನೋ’ ಹಾಗೇ ಇರಲಿ. ಬ್ಯಾಕಪ್ ಎಂಎಕ್ಸ್ (ಮುಖ್ಯ ಸರ್ವರ್ ಸಿಗದಾಗ ಟಪಾಲು ತೆಗೆದುಕೊಳ್ಳುವ ಸರ್ವರ್) ಇಟ್ಟಿದ್ದರೆ ಅದರಲ್ಲೂ ತಪ್ಪದೆ ನೋಡಿ. ಮುಖ್ಯ ಸರ್ವರ್ ಅದನ್ನು ನಂಬುವುದರಿಂದ, ಬ್ಯಾಕಪ್ ತೆಗೆದುಕೊಂಡ % ವಿಳಾಸ ಮುಖ್ಯ ಸರ್ವರ್‌ನ ತಡೆಯನ್ನೂ ದಾಟಿ ಹೊರಗೆ ಹೋಗಬಲ್ಲದು.